ಎಡಗಡೆಯ ಪೆಡಲು

ಉಲ್ಟಾ ತಾನೇ, ಉಲ್ಟಾ ಥ್ರೆಡ್ಡೇ ಹಾಕಿದ್ದು ತಾನೇ, ನಿನ್ನೆ ಎರಡು ಸಲ ನೋಡಿದ್ದಾಗಿದೆ, ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕುವ ಮುಂಚೆ ಇನ್ನೊಂದು ಸಲ ನೋಡಿದ್ದಾಗಿದೆ, ಆದರೂ ಲೋಕಲ್ ರೈಲು ಕೋಪರ್ ಸ್ಟೇಷನ್ ದಾಟುವಷ್ಟರಲ್ಲಿ ಮೋಹನದಾಸನ ಕೈ ಅವನನ್ನು ಕೇಳದೆಯೇ ತೊಡೆಯ ಮೇಲಿನ ಚೀಲದೊಳಗೆ ಇಳಿಯಿತು, ಹಳೆ ಬನಿಯನ್ ಬಟ್ಟೆಯ ಎರಡು ಗಂಟು, ದೊಡ್ಡದರಲ್ಲಿ ಹೊಸ ಜೋಡಿ ಪೆಡಲು, ಸಣ್ಣದರಲ್ಲಿ — ಸಣ್ಣದನ್ನು ಈಗ ಮುಟ್ಟುವುದು ಬೇಡ, ದೊಡ್ಡದನ್ನು ಬಿಚ್ಚಿ ಎಡಗಡೆಯದ್ದನ್ನು ಕಿಟಕಿಯ ಬೆಳಕಿಗೆ ಹಿಡಿದ, ಅಚ್ಚಿನ ತುದಿಯ ಗೆರೆಗಳು ಎಡಕ್ಕೆ ಏರುತ್ತಿದ್ದವು, ಸರಿಯಾಗಿಯೇ ಇದೆ, ಎಡಕ್ಕೆ ಎಡ, ಅರವತ್ತಮೂರು ವರ್ಷದ ಮನುಷ್ಯ, ಮೂವತ್ತೊಂದು ವರ್ಷ ಲೇತಿನ ಮುಂದೆ ನಿಂತವನು, ಇಷ್ಟನ್ನು ನಾಲ್ಕು ಸಲ ನೋಡುತ್ತಾನೆಯೇ. ಎದುರು ಕೂತವನು ಕಿವಿಯಿಂದ ತಂತಿ ತೆಗೆದು ಕ್ಯಾ ಹೈ ಅಂಕಲ್ ಎಂದ, ಪೆಡಲ್ ಎಂದ ಇವನು, ಸೈಕಲ್ ಕಾ, ಪುರಾನಾ ಹೈ ಕ್ಯಾ, ನಹೀ ನಯಾ ಹೈ, ಪುರಾನಾ ಜೈಸಾ ಬನಾಯಾ, ಹಳೆಯದರ ಹಾಗೇ ಮಾಡಿದ್ದು — ಅವನು ಹಾಂ ಹಾಂ ಎಂದು ತಂತಿಯನ್ನು ವಾಪಸು ಕಿವಿಗೆ ಸಿಕ್ಕಿಸಿಕೊಂಡ, ಇವತ್ತು ಇವನು ಇನ್ನೊಬ್ಬರ ಜೊತೆ ಆಡಿದ ಮೊದಲ ಮಾತು ಅದು, ನಿನ್ನೆಯದ್ದು ಹಾಲಿನವನಿಗೆ ಹೇಳಿದ್ದು, ಅರ್ಧ ಲೀಟರ್ ಸಾಕು ಅಂತ. ಅಭ್ಯಾಸದ ಬಲಕ್ಕೆ ಬೆರಳು ಅಚ್ಚನ್ನು ಚಿಮ್ಮಿತು, ಅಚ್ಚು ತಿರುಗಿತು, ಸದ್ದಿಲ್ಲ, ಗರಗರ ಇಲ್ಲ, ಒಳಗಿನ ಸಣ್ಣ ಗುಂಡುಗಳೆಲ್ಲ ಗ್ರೀಸಿನಲ್ಲಿ ಮೀನಿನ ಹಾಗೆ ಜಾರುತ್ತಿರಬೇಕು, ಒಳ್ಳೆ ಪೆಡಲಿಗೆ ಇದೊಂದೇ ಪರೀಕ್ಷೆ, ಚಿಮ್ಮಿ ಬಿಟ್ಟರೆ ನಿಲ್ಲುವುದೇ ಮರೆತುಹೋದ ಹಾಗೆ ತಿರುಗಬೇಕು, ತಿರುಗುತ್ತಲೇ ಇತ್ತು, ಅವನು ಹೆಬ್ಬೆರಳು ಇಟ್ಟು ನಿಲ್ಲಿಸಿದ, ತಿರುಗುವ ಅಚ್ಚನ್ನು ತುಂಬ ಹೊತ್ತು ನೋಡಲು ಅವನಿಂದ ಆಗುವುದಿಲ್ಲ.

ಇವತ್ತು ಹೇಳಿಬಿಡಬೇಕು, ಅವಳು ಸೀಟಿನ ಮೇಲೆ ಕೂರುವ ಮೊದಲೇ ಹೇಳಬೇಕು, ಅದಕ್ಕೇ ತಾನೇ ಸಣ್ಣ ಗಂಟನ್ನೂ ಚೀಲಕ್ಕೆ ಹಾಕಿಕೊಂಡದ್ದು, ಇಪ್ಪತ್ತೆಂಟು ವರ್ಷ ಬಿಸ್ಕತ್ತಿನ ಡಬ್ಬಿಯ ಅಡಿಯಲ್ಲಿ ಇದ್ದದ್ದನ್ನು. ಹೆಂಡತಿ ಜಲಜಾಕ್ಷಿಯ ಎಡ ಮಂಡಿಯನ್ನು ಮಾರ್ಚಿನಲ್ಲಿ ಬದಲಿಸಿದರು, ಹಳೆಯದನ್ನು ಕೊರೆದು ಲೋಹದ್ದು ಕೂರಿಸಿದರು, ಆರು ತಿಂಗಳ ಮೇಲೆ ಫಿಸಿಯೋ ಹುಡುಗಿ ಇನ್ನು ಸೈಕಲ್ ತುಳಿಯಬಹುದು ಆಂಟಿ, ನಿಧಾನಕ್ಕೆ ಎಂದಳಂತೆ, ಮಗಳು ದಿಶಾ ಮನೆಯೊಳಗೆ ನಿಂತಲ್ಲೇ ತುಳಿಯುವ ಮೆಷಿನ್ನು ತರಿಸಲು ಹೊರಟರೆ ಇವಳು ಹೇಳಿದಳಂತೆ, ನಿಂತಲ್ಲೇ ತುಳಿದು ಎಲ್ಲಿಗೆ ಹೋಗಬೇಕು ಮಾರಾಯ್ತಿ, ನನ್ನದೇ ಸೈಕಲ್ ಉಂಟಲ್ಲ ಡೊಂಬಿವಲಿಯಲ್ಲಿ, ಮೆಟ್ಟಲಿನ ಅಡಿಯಲ್ಲಿ. ಇತ್ತು, ಅಷ್ಟೂ ವರ್ಷ ಇತ್ತು, ಎಡಗಡೆಯ ಪೆಡಲಿಲ್ಲದೆ, ಮರದ ಪೆಟ್ಟಿಗೆಗಳ ಹಿಂದೆ, ಕಟ್ಟಡದ ಸೊಸೈಟಿಯವರು ಗುಜರಿಗೆ ಹಾಕಿ ಹಾಕಿ ಅಂದಾಗಲೆಲ್ಲ ಇವನು ನೋಡೋಣ ಎನ್ನುತ್ತಿದ್ದ. ಅಳಿಯ ಸುಜನ್ ಟೆಂಪೋ ಮಾಡಿ ಅದನ್ನು ಠಾಣೆಯ ಘೋಡಬಂದರ್ ರಸ್ತೆಯ ತಮ್ಮ ಮನೆಗೆ ಒಯ್ದ, ಬಣ್ಣ ಹೊಡೆಸಿದ, ಪೆಡಲು ಕೂರುವ ಎಡಗಡೆಯ ಕ್ರ್ಯಾಂಕನ್ನು ಮಾತ್ರ ಇವನು ಬಿಚ್ಚಿ ಇಟ್ಟುಕೊಂಡ, ಇದರ ಕೆಲಸ ಉಂಟು ಎಂದ, ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ಪೆಡಲಿನ ಮಾತು ಬಂದರೆ ಅವನನ್ನು ಯಾರೂ ಏನೂ ಕೇಳುವುದಿಲ್ಲ, ಕಂಪೆನಿ ಮುಚ್ಚಿದ ಮೇಲೆ ಮನೆಯ ಗ್ಯಾಲರಿಯಲ್ಲಿ ಸಣ್ಣ ಲೇತು ಇಟ್ಟುಕೊಂಡು ಹಳೆಯ ಸೈಕಲ್ಲುಗಳ ಪೆಡಲು ರಿಪೇರಿ ಶುರು ಮಾಡಿದವನು, ಈಗ ಎಲ್ಲೆಲ್ಲಿಂದಲೋ ಬರುತ್ತಾರೆ, ಐವತ್ತು ಅರವತ್ತು ವರ್ಷದ ಪೆಡಲುಗಳು, ಕೆಲವಕ್ಕೆ ತುದಿಯ ಟೋಪಿ ಇರುವುದಿಲ್ಲ, ಹಿತ್ತಾಳೆಯಲ್ಲಿ ತಿರುಗಿಸಿ ಕೊಡುತ್ತಾನೆ, ರಬ್ಬರಿನ ಗಟ್ಟಿಗಳು ಸುಟ್ಟ ಬದನೆಕಾಯಿಯ ಹಾಗೆ ಆಗಿರುತ್ತವೆ, ಅಂಬರನಾಥದಲ್ಲಿ ಹೊಸದು ಎರಕ ಹೊಯ್ಯಿಸಿ ತರುತ್ತಾನೆ, ಸೀವುಡ್ಸಿನಿಂದ ಬಂದ ಸಂಯುಕ್ತಾ ಎಂಬ ಮೈಸೂರಿನ ಹುಡುಗಿ ತನ್ನ ತಾತನ ಪೆಡಲುಗಳನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು, ಅಂಕಲ್, ನೀವು ಪೆಡಲ್ ನೋಡಿ ಮನುಷ್ಯರನ್ನ ಹೇಳ್ತೀರಂತೆ ಹೌದಾ, ಇವನು ತಿರುಗಿಸಿ ನೋಡಿ ನಿಮ್ಮ ತಾತ ಬಲಗಾಲನ್ನು ಸ್ವಲ್ಪ ಹೊರಗೆ ಹಾಕುತ್ತಿದ್ದರು ನೋಡಮ್ಮಾ, ಹೊರಗಿನ ಅಂಚು ಮಾತ್ರ ಸವೆದಿದೆ ಎಂದಾಗ ಅವಳ ಕಣ್ಣು ತುಂಬಿತು, ಹೌದು ಅಂಕಲ್, ನಮ್ಮ ತಾತ ಹಾಗೇ ನಡೀತಿದ್ದರು. ಸತ್ತವರ ಕಾಲು ಹೇಗಿತ್ತೆಂದು ಹೇಳಬಲ್ಲ. ಆ ಹುಡುಗಿ ಹೋದ ಮೇಲೆ ಇಡೀ ಮಧ್ಯಾಹ್ನ ಲೇತು ಹಾಕದೆ ಕೂತಿದ್ದ.

ದಿವಾ ದಾಟಿ ಮುಂಬ್ರಾಕ್ಕೆ ಇನ್ನೂ ಇರುವಾಗ ಗಾಡಿ ನಿಂತಿತು, ಭಾನುವಾರದ ಮೆಗಾಬ್ಲಾಕು, ಹಳಿ ರಿಪೇರಿ, ಎಲ್ಲರೂ ಒಮ್ಮೆ ಉಸಿರು ಬಿಟ್ಟು ಮತ್ತೆ ಫೋನಿಗೆ ಬಗ್ಗಿದರು, ಫ್ಯಾನುಗಳು ತಿರುಗುತ್ತಿವೆ, ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಸಮುದ್ರದಿಂದ ಒಳಬಂದ ಖಾಡಿಯ ಕೆಸರು ನೀರು, ಒಬ್ಬ ಬೆಸ್ತ ದೋಣಿಯಲ್ಲಿ ನಿಂತಿದ್ದಾನೆ, ಅವನಿಗೂ ಹೋಗಬೇಕಾದ್ದು ಎಲ್ಲಿಗೂ ಇಲ್ಲ. ಹೇಗೆ ಶುರು ಮಾಡುವುದು, ಜಲಜಾ ಒಂದು ವಿಷಯ ಹೇಳಬೇಕು — ಹಾಗೆ ಹೇಳಿದರೆ ಅವಳು ಏನು, ಬಿಪಿ ಹೆಚ್ಚಾಗಿದೆಯಾ ಎನ್ನುತ್ತಾಳೆ, ಮೂರು ವರ್ಷದಿಂದ ಫೋನಿನಲ್ಲಿ ಅವರಿಬ್ಬರ ನಡುವೆ ಇರುವುದು ಬಿಪಿ, ಗ್ಯಾಸು, ಅಡುಗೆ ಪಾತ್ರೆ ಮಾಡುವ ಗಂಗಾ ಬಂದಳಾ ಇಲ್ಲವಾ, ಅಷ್ಟೇ. ಮೂರನೇ ಮಾಳಿಗೆ, ಲಿಫ್ಟಿಲ್ಲದ ಕಟ್ಟಡ, ಅವಳು ಹತ್ತುವ ಸದ್ದು ಅವನಿಗೆ ಇನ್ನೂ ಬಾಯಿಪಾಠ, ಬಲಗಾಲು ಮೇಲಿನ ಮೆಟ್ಟಲಿಗೆ, ಒಂದು ನಿಲುಗಡೆ, ಎಡಗಾಲನ್ನು ಎಳೆದು ಅದೇ ಮೆಟ್ಟಲಿಗೆ, ಇನ್ನೊಂದು ನಿಲುಗಡೆ, ನಲವತ್ತೆಂಟು ಮೆಟ್ಟಲು, ಲೇತಿನ ಸದ್ದಿನ ಒಳಗಿಂದಲೂ ಅದು ಕೇಳುತ್ತಿತ್ತು, ಅವಳು ಬರುವವರೆಗೆ ಅವನ ಕೈಯ ಉಳಿ ಅಲ್ಲೇ ನಿಲ್ಲುತ್ತಿತ್ತು. ಕೊನೆಗೆ ದಿಶಾ ಬಂದು ಕರೆದುಕೊಂಡು ಹೋದಳು, ಪಪ್ಪಾ ನೀವೂ ಬನ್ನಿ ನಾ, ಲಿಫ್ಟ್ ಇದೆ, ಗಾರ್ಡನ್ ಇದೆ, ಇವನು ಲೇತು ಎಂದ, ಆ ಸೊಸೈಟಿಯಲ್ಲಿ ಲೇತು ಬಿಡುವುದಿಲ್ಲವಲ್ಲ ಎಂದ, ಎಲ್ಲರೂ ನಂಬಿದರು, ಜಲಜಾಕ್ಷಿ ಕೂಡ, ಬಿಡು, ಅವರಿಗೆ ಕಬ್ಬಿಣದ ವಾಸನೆ ಇಲ್ಲದೆ ನಿದ್ದೆ ಬರುವುದಿಲ್ಲ ಎಂದು ನಕ್ಕಳು. ಅವಳು ಕೆಳಗಿಳಿದು ಹೋದ ಆ ದಿನದ ಸದ್ದು, ಎಡಗಾಲು ಮೊದಲು, ನಿಲುಗಡೆ, ಬಲಗಾಲು, ನಿಲುಗಡೆ, ನಲವತ್ತೆಂಟು. ಆಮೇಲೆ ಮೆಟ್ಟಲಲ್ಲಿ ಆ ಸದ್ದಿಲ್ಲ, ಅವನಿಗೆ ಹಗುರಾಯಿತು, ಹಗುರಾಯಿತಲ್ಲ ಎಂದು ಅನ್ನ ಇಳಿಯಲಿಲ್ಲ.

ಅವಳಿಗೆ ಸೈಕಲ್ ಕಲಿಸಿದ್ದು ಅವನೇ, ಮದುವೆಯಾಗಿ ಕಾಪುವಿನಿಂದ ಬಂದವಳು, ಸಮುದ್ರ ಬಿಟ್ಟರೆ ಬೇರೆ ಯಾವುದಕ್ಕೂ ಹೆದರದವಳು, ಅವಳಿಗೂ ಔಷಧಿ ಪ್ಯಾಕಿಂಗಿನ ಕೆಲಸ ಸಿಕ್ಕಿತು, ಎಮ್ಐಡಿಸಿಯ ಕಾರ್ಖಾನೆಗಳ ಸಾಲಿನಲ್ಲೇ, ಇವನ ಕಂಪೆನಿಯಿಂದ ಎರಡು ಗೇಟು ಆಚೆ, ಶಾಲೆಯ ಮೈದಾನದಲ್ಲಿ ಕ್ಯಾರಿಯರ್ ಹಿಡಿದು ಓಡಿದ, ಬಿಟ್ಟಿಲ್ಲ ತಾನೇ, ಬಿಟ್ಟಿಲ್ಲ, ಹಿಂದೆ ಇದ್ದೀರಾ, ಇದ್ದೇನೆ, ಬಿಟ್ಟು ಯಾವ ಕಾಲವಾಗಿತ್ತು. ಮತ್ತೆ ದಿನಾ ಬೆಳಿಗ್ಗೆ ಏಳಕ್ಕೆ ಅವಳ ಸೈಕಲ್ ಮುಂದೆ ಇವನದ್ದು ಹಿಂದೆ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮಾನ್ಪಾಡಾ ರಸ್ತೆಯಲ್ಲಿ ರಿಕ್ಷಾಗಳ ನಡುವೆ ಬೆಲ್ಲು ಹೊಡೆಯುತ್ತಾ, ನೀವು ಮುಂದೆ ಹೋಗಿ ಮಾರಾಯ್ರೆ, ಪೊಲೀಸರ ಹಾಗೆ ಹಿಂದಿನಿಂದ ಎಂತ ಬರುವುದು, ಅವಳ ಬೆನ್ನು, ಅವಳ ಮಲ್ಲಿಗೆ, ಅವಳ ಹಿಮ್ಮಡಿ ಏರಿ ಇಳಿಯುವುದು, ಹಿಂದಿನಿಂದ ಬರುವುದು ಯಾಕೆಂದು ಅವಳಿಗೆ ಹೇಗೆ ಹೇಳುವುದು. ಒಂದು ದಿನ ಅವಳು ಎಡಗಡೆ ಆಡುತ್ತದೆ ಎಂದಳು, ಕ್ರ್ಯಾಂಕಿನ ತೂತಿನ ಥ್ರೆಡ್ಡು ಪೂರಾ ಸವೆದಿತ್ತು, ಅದೇನು ದೊಡ್ಡ ವಿಷಯ ಎಂದ ಇವನು, ತೂತನ್ನು ದೊಡ್ಡದು ಮಾಡಿ ಒಳಗೆ ಉಕ್ಕಿನ ಬಳೆಯಂಥ ಬುಶ್ ಕೂರಿಸಿ ಹೊಸ ಥ್ರೆಡ್ಡು ಹಾಕಿದರಾಯಿತು, ಪೆಡಲಿಗೂ ಹೊಸ ಅಚ್ಚು ತಿರುಗಿಸುತ್ತೇನೆ, ಕಂಪೆನಿಯ ಒಳ್ಳೆಯ ಉಕ್ಕಿನ ತುಂಡಿದೆ. ಎಡದ ಪೆಡಲಿಗೆ ಉಲ್ಟಾ ಥ್ರೆಡ್ಡು ಬೇಕು, ಸೈಕಲ್ ಅಂಗಡಿಯವರಿಗೆಲ್ಲ ಗೊತ್ತಿರುವುದೇ, ಸೀದಾ ಥ್ರೆಡ್ಡು ಹಾಕಿದರೆ ತುಳಿದಷ್ಟೂ ತಾನಾಗಿಯೇ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಉಲ್ಟಾ ಥ್ರೆಡ್ಡು ಕೊರೆಯುವ ಟ್ಯಾಪು ಟೂಲ್ ರೂಮಿನಲ್ಲಿತ್ತು, ಕೆಂಪು ಪಟ್ಟಿ ಬಳಿದದ್ದು, ಅಲ್ಲಿ ಕೂರುವ ಕಿಟ್ಟಣ್ಣನ ತಲೆಯ ಮೇಲಿನ ಶೆಲ್ಫಿನಲ್ಲಿ, ಕೇಳಿದರೆ ಕೊಡದವನಲ್ಲ ಕಿಟ್ಟಣ್ಣ, ಆದರೆ ಹಿಂದಿನ ದಿನ ಕ್ಯಾಂಟೀನಿನಲ್ಲಿ ಇಪ್ಪತ್ತು ಜನರ ಮುಂದೆ, ಏನು ದಾಸಣ್ಣ, ಹೆಂಡತಿಯ ಸೈಕಲ್ಲಿನ ಹಿಂದೆ ನಾಯಿಮರಿಯ ಹಾಗೆ ಬರ್ತಿಯಂತೆ, ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಂತ ಹೆದರಿಕೆಯಾ, ಎಂದಿದ್ದ, ಎಲ್ಲರೂ ನಕ್ಕಿದ್ದರು, ಇವನೂ ನಕ್ಕಿದ್ದ. ಈಗ ಹೆಂಡತಿಯ ಸೈಕಲ್ಲಿಗೆ ಟ್ಯಾಪು ಕೊಡು ಎಂದು ಅವನ ಕಿಟಕಿಯ ಮುಂದೆ ನಿಲ್ಲಬೇಕಾ. ನಿಲ್ಲಲಿಲ್ಲ. ತನ್ನದೇ ಡ್ರಾಯರಿನಲ್ಲಿ ಸೀದಾ ಟ್ಯಾಪು ಇತ್ತು. ಶನಿವಾರದವರೆಗೆ ಸಾಕು, ಉದ್ದ ಪಾನಾ ಹಾಕಿ ಬಿಗಿದು ಮೇಲಿಂದ ಬಣ್ಣ ಬಿಟ್ಟರೆ ಎಲ್ಲಿಗೂ ಹೋಗುವುದಿಲ್ಲ, ಶನಿವಾರ ಸರಿ ಮಾಡಿದರಾಯಿತು. ಅದು ಬುಧವಾರ. ಗೊತ್ತಿಲ್ಲದೆ ಮಾಡಿದ್ದಲ್ಲ. ಬೇಕಾದರೆ ಗೊತ್ತಿಲ್ಲದೆ ಮಾಡಿದೆ ಎನ್ನಬಹುದು, ಅವಳಿಗೆ ಥ್ರೆಡ್ಡಿನ ಸೀದಾ ಉಲ್ಟಾ ಏನು ಗೊತ್ತು — ಇಲ್ಲ, ಹೇಳುವುದಾದರೆ ಅದನ್ನೂ ಹೇಳಬೇಕು, ಗೊತ್ತಿತ್ತು ಜಲಜಾ. ಗುಂಡುಗಳನ್ನು ಮಾತ್ರ ಎಷ್ಟು ಚಂದ ಕೂರಿಸಿದ್ದ ಅವತ್ತು, ಅವನ್ನು ಹಿಡಿದಿಡುವ ಕೋನ್ ನಟ್ಟನ್ನು ಕೂದಲೆಳೆಯಷ್ಟು ಸಡಿಲಿಸಿ ಬಿಗಿದು, ಚಿಮ್ಮಿ ಅವಳ ಮುಂದೆ ಹಿಡಿದಿದ್ದ, ನೋಡು, ನಿಲ್ಲುತ್ತದಾ ನೋಡು, ಅಬ್ಬ, ಭೂತ ಹಿಡಿದ ಹಾಗೆ ತಿರುಗುತ್ತದೆ ಎಂದಿದ್ದಳು.

ಗಾಡಿ ಹೊರಟಿತು, ಮುಂಬ್ರಾ, ಕಳವಾ, ಹತ್ತುವವರು ಇಳಿಯುವವರು, ಅವನ ಮಂಡಿಗೆ ಯಾರದೋ ಚೀಲ ತಾಗುತ್ತಿದೆ, ಆ ಶುಕ್ರವಾರ ಬೆಳಿಗ್ಗೆ ಸಣ್ಣ ಮಳೆ, ರಸ್ತೆಯ ಮೇಲೆ ತೆಳ್ಳಗೆ ನೀರು ಹರಡಿತ್ತು, ಅವಳು ಮುಂದೆ ಇವನು ಹಿಂದೆ, ಏರಿನಲ್ಲಿ ಅವಳು ಎದ್ದು ನಿಂತು ತುಳಿದಳು, ಎಡಗಾಲು ಕೆಳಕ್ಕೆ ಹೋದದ್ದು ಮೇಲಕ್ಕೆ ಬರಲಿಲ್ಲ, ಇವನು ನೋಡಿದ, ಪೆಡಲು ಕಾಲಿನಡಿಯಿಂದ ಹಣ್ಣು ಕಳಚಿದ ಹಾಗೆ ಕಳಚಿತು, ಅವಳು ಎಡಕ್ಕೆ ಮಂಡಿಯೂರಿ ಬಿದ್ದಳು, ಆ ಸದ್ದು, ತೆಂಗಿನಕಾಯಿ ಒಡೆದ ಹಾಗೆ, ಮತ್ತೆ ಪೆಡಲು ಉರುಳಿ ಬಂದು ಇವನ ಮುಂದಿನ ಚಕ್ರದ ಹತ್ತಿರ ನಿಂತಿತು, ರಬ್ಬರು ಕೆಳಗೆ, ಅಚ್ಚು ಮೇಲೆ, ಅಚ್ಚು ತಿರುಗುತ್ತಲೇ ಇತ್ತು, ಮಳೆಯ ಹನಿಗಳನ್ನು ಸುತ್ತ ಸಿಡಿಸುತ್ತಾ, ಇವನು ಅವಳ ಹತ್ತಿರ ಓಡುವ ಮೊದಲು ಅದನ್ನು ನೋಡುತ್ತಾ ನಿಂತ, ಎಷ್ಟು ಹೊತ್ತು, ಒಂದು ಉಸಿರಿನಷ್ಟು ಇರಬಹುದು, ನೋಡುತ್ತಾ ನಿಂತದ್ದು ಹೌದು, ಮೊದಲು ಎತ್ತಿಕೊಂಡದ್ದು ಅದನ್ನು, ಪ್ಯಾಂಟಿನ ಜೇಬಿಗೆ ಹಾಕಿಕೊಂಡ ಮೇಲೆ ಅವಳನ್ನು. ಜನ ಸೇರಿದರು, ಕಾಯ್ ಝಾಲಂ, ಕಾಯ್ ಝಾಲಂ, ಅವಳು ನೋವಿನಲ್ಲಿ ಎಂತಾಯಿತು, ಎಂತಾಯಿತು ನನಗೆ ಎನ್ನುತ್ತಿದ್ದಳು, ಆಗ ಇವನ ಬಾಯಿಂದ ಬಂತು, ಹೊಂಡ, ನೀರಿನೊಳಗೆ ಹೊಂಡ ಇತ್ತು, ನೋಡಲಿಲ್ವಾ ನೀನು. ಯೋಚಿಸಿ ಹೇಳಿದ್ದಲ್ಲ. ಅಷ್ಟು ಸುಲಭವಾಗಿ ಬಂದ ಮಾತನ್ನು ವಾಪಸು ನುಂಗಲು ಇಪ್ಪತ್ತೆಂಟು ವರ್ಷ ಸಾಕಾಗಲಿಲ್ಲ. ಪೆಡಲು ಎಲ್ಲಿ ಎಂದು ಆಮೇಲೆ ಕೇಳಿದಳು, ಯಾರೋ ಎತ್ತಿಕೊಂಡು ಹೋದರು ಎಂದ. ಇವನ ಅಮ್ಮ ಆಗ ಊರಿನಿಂದ ಬಂದಿದ್ದಳು, ಪ್ಲಾಸ್ಟರಿನ ಕಾಲಿನ ಮುಂದೆ ಕೂತು ಅಕ್ಕಿ ಆರಿಸುತ್ತಾ, ಗಂಡಸರ ಹಾಗೆ ಸೈಕಲ್ ಬಿಡ್ಲಿಕ್ಕೆ ಹೋದ್ರೆ ದೇವರು ಸುಮ್ಮನಿರ್ತಾನಾ, ಕಣ್ಣು ರಸ್ತೆಯ ಮೇಲೆ ಇರಬೇಕು, ಮಲ್ಲಿಗೆಯ ಮೇಲೆ ಅಲ್ಲ, ಜಲಜಾಕ್ಷಿ ಗೋಡೆಯ ಕಡೆ ತಿರುಗಿ ಮಲಗಿದಳು, ಇವನು ಗ್ಯಾಲರಿಗೆ ಹೋಗಿ ನಿಂತ. ಕೆಲಸ ಹೋಯಿತು, ಮಂಡಿ ಪೂರಾ ಮಡಿಯಲಿಲ್ಲ, ಮತ್ತೆ ಅವಳು ಸೈಕಲ್ ಮುಟ್ಟಲಿಲ್ಲ, ಮತ್ತೆ ಆ ಕಥೆಯನ್ನು ತಾನೇ ಹೇಳತೊಡಗಿದಳು, ಮದುವೆಗಳಲ್ಲಿ, ಸತ್ಯನಾರಾಯಣ ಪೂಜೆಗಳಲ್ಲಿ, ಯಾಕೆ ಕುಂಟುತ್ತೀರಿ ಎಂದು ಕೇಳಿದವರಿಗೆಲ್ಲ, ಅಯ್ಯೋ ನನ್ನ ಕಣ್ಣು ಎಲ್ಲಿತ್ತೋ, ಆನೆ ಬೀಳುವಂಥ ಹೊಂಡ ಕಾಣಲಿಲ್ಲ ನೋಡಿ — ಹೊಂಡ ವರ್ಷ ವರ್ಷ ದೊಡ್ಡದಾಗುತ್ತಾ ಹೋಯಿತು, ಎಲ್ಲರೂ ನಗುತ್ತಿದ್ದರು, ಇವನು ಕೋಕಂ ಶರಬತ್ತಿನ ಲೋಟ ನೋಡುತ್ತಿದ್ದ.

ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಶೇರ್ ರಿಕ್ಷಾದಲ್ಲಿ ಮೂರನೆಯವನಾಗಿ ಅಂಚಿಗೆ ಕೂತು, ಮೆಟ್ರೋದ ಕಂಬಗಳನ್ನು ನೋಡುತ್ತಾ, ಜಲಜಾ ಆ ಹೊಂಡ, ಜಲಜಾ ಈ ಪೆಡಲು ನೋಡು, ಜಲಜಾ ತಪ್ಪು — ಗೇಟಿನಲ್ಲಿ ವಾಚ್‌ಮನ್ ಕಿಸ್ಕೆ ಯಹಾಂ ಎಂದ, ಬೇಟಿ ಕೆ ಯಹಾಂ, ಮಗಳ ಮನೆಗೆ, ಎಂದ ಇವನು, ಬೀವಿ ಕೆ ಯಹಾಂ, ಹೆಂಡತಿಯ ಹತ್ತಿರ, ಎನ್ನಬೇಕಿತ್ತು ಎಂದು ಲಿಫ್ಟಿನಲ್ಲಿ ಅನ್ನಿಸಿತು. ಕಾರ್ ಪಾರ್ಕಿಂಗಿನ ಮೇಲಿನ ಗಾರ್ಡನ್, ಪೋಡಿಯಮ್ಮಿನ ಮೇಲೆ ಎಲ್ಲರೂ ಕಾಯುತ್ತಿದ್ದರು, ಸೈಕಲ್ಲಿಗೆ ಹಸಿರು ಬಣ್ಣ, ಮೊದಲಿನದ್ದು ಕಪ್ಪು, ಜಲಜಾಕ್ಷಿ ಚೂಡಿದಾರ್ ಹಾಕಿ ಬಿಳಿ ಬೂಟು ಹಾಕಿ ಕಟ್ಟೆಯ ಮೇಲೆ ಕೂತಿದ್ದಳು, ನೋಡಿ ನನ್ನ ವೇಷ, ಯಕ್ಷಗಾನದ ಚೌಕಿಯಿಂದ ರಂಗಕ್ಕೆ ಹೊರಟ ಹಾಗೆ ಉಂಟಲ್ವಾ, ನೀವೆಂತ ಇಷ್ಟು ಸಪೂರ ಆಗಿದ್ದು, ಗಂಗಾ ಬರುವುದಿಲ್ವಾ. ಬರುತ್ತಾಳೆ ಎಂದ. ಕೂತು, ಈ ಸಲ ಉಲ್ಟಾ ಥ್ರೆಡ್ಡು ಕೊರೆದ ಕ್ರ್ಯಾಂಕನ್ನು ಚೀಲದ ತಳದಿಂದ ತೆಗೆದು ಕೂರಿಸಿದ, ಪಿನ್ನು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದ, ಬಲಗಡೆಯ ಪೆಡಲನ್ನು ಸೀದಾ ತಿರುಗಿಸಿ ಬಿಗಿದ, ಎಡಗಡೆಯದ್ದನ್ನು ತೆಗೆದಾಗ ಅವಳು ಎದ್ದು ಬಂದು ಪಕ್ಕದಲ್ಲಿ ನಿಂತಳು, ನಡೆದು ಬಂದಳು, ನಿಲುಗಡೆ ಇಲ್ಲದೆ, ಅದು ಅವನಿಗೆ ತಟ್ಟನೆ ಕೇಳಿಸಿತು, ಇಲ್ಲದ ಸದ್ದು. ಇದು ಆ ಕಳೆದುಹೋದದ್ದರ ಹಾಗೇ ಉಂಟಲ್ಲ, ಬಲಗಡೆಯದ್ದನ್ನು ನೋಡಿ ಮಾಡಿದ್ದಾ. ಹ್ಞೂಂ ಎಂದ, ಚೀಲದೊಳಗೆ ಸಣ್ಣ ಗಂಟು ಅವನ ಮಂಡಿಗೆ ತಾಗಿಕೊಂಡಿತ್ತು, ಅದನ್ನೇ ಅಳೆದು ಮಾಡಿದ್ದು. ಸುಜನ್ ಫೋನ್ ಹಿಡಿದು ಮಾವ ಸ್ವಲ್ಪ ಈ ಕಡೆ ನೋಡಿ, ರೆಕಾರ್ಡ್ ಆಗ್ತಾ ಇದೆ ಎಂದ, ದಿಶಾ ಪಪ್ಪಾ ಜಲ್ದಿ ನಾ, ಬಿಸಿಲು ಬರ್ತಾ ಇದೆ ಎಂದಳು. ಎಡಗಡೆಯದ್ದನ್ನು ಉಲ್ಟಾ ತಿರುಗಿಸಿದ, ಥ್ರೆಡ್ಡು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು, ಪಾನಾ ಹಾಕಿ ಬಿಗಿದ, ಇನ್ನೊಮ್ಮೆ ಬಿಗಿದ. ಈಗ. ಜಲಜಾ, ಎಂದ. ಎಂತ. ಅವತ್ತು — ಎಂದ, ಅವತ್ತು ಮಾನ್ಪಾಡಾ ರಸ್ತೆಯಲ್ಲಿ —

ಅಯ್ಯೋ ಅವತ್ತಿನದ್ದು ಈಗ ಯಾಕೆ ಮಾರಾಯ್ರೆ, ಎಂದಳು, ಸೀಟಿನ ಮೇಲೆ ಕೈ ಇಟ್ಟುಕೊಂಡು, ದನಿಯನ್ನು ಸ್ವಲ್ಪ ತಗ್ಗಿಸಿ, ಸುಜನನ ಫೋನಿಗೆ ಕೇಳದ ಹಾಗೆ, ಒಂದು ಹೇಳ್ತೇನೆ ಕೇಳಿ, ಇಷ್ಟು ವರ್ಷದಲ್ಲಿ ನೀವು ನನಗೆ ಆ ವಿಷಯಕ್ಕೆ ಒಂದು ಮಾತು ಬೈಲಿಲ್ಲ, ಅತ್ತೆ ಅಷ್ಟು ಅಂದರು, ಕೆಲಸ ಹೋಯಿತು, ಮನೆಯಲ್ಲಿ ಎಷ್ಟು ಕಷ್ಟ ಆಯಿತು, ಕಣ್ಣು ಬಿಟ್ಟು ಹೋಗಬಾರದಿತ್ತಾ ಅಂತ ಆಮೇಲೆ ನೀವು ಒಮ್ಮೆಯೂ ಕೇಳಲಿಲ್ಲ, ಬೇರೆ ಗಂಡಸಾದರೆ ದಿನಾ ಕುಟ್ಟುತ್ತಿದ್ದ, ನನಗೆ ಅದು ನೆನಪುಂಟು, ಹೇಳಲಿಕ್ಕೆ ಬಾಯಿ ಬರುವುದಿಲ್ಲ ಅಷ್ಟೇ. ಮತ್ತೆ ಕಾಲು ದಾಟಿಸಿ ಕೂತಳು, ಲೋಹದ ಮಂಡಿ ಮಡಿಯಿತು, ಮೆಲ್ಲಗೆ, ಸರಿಯಾಗಿಯೇ ಮಡಿಯಿತು, ನೀವೇ ಮಾಡಿದ್ದಲ್ವಾ, ನನಗೆಂತ ಹೆದರಿಕೆ, ಹಿಂದೆ ಬನ್ನಿ ಆಯ್ತಾ, ಅವನು ಕ್ಯಾರಿಯರ್ ಹಿಡಿದ, ನಾಲ್ಕು ಹೆಜ್ಜೆ, ಎಂಟು ಹೆಜ್ಜೆ, ಹಿಂದೆ ಇದ್ದೀರಾ, ಇದ್ದೇನೆ, ಬಿಟ್ಟಿಲ್ಲ ತಾನೇ, ಬಿಟ್ಟಿಲ್ಲ, ಬಿಟ್ಟ, ಅವಳು ತುಳಸಿ ಕುಂಡಗಳನ್ನು ದಾಟಿ, ಮಕ್ಕಳ ಜಾರುಬಂಡೆಯನ್ನು ದಾಟಿ, ಬೆಲ್ಲು ಹೊಡೆಯುತ್ತಾ ತಿರುಗಿದಳು, ದಿಶಾ ಚಪ್ಪಾಳೆ ಹೊಡೆದಳು, ಎಡಗಾಲು ಕೆಳಕ್ಕೆ ಹೋಯಿತು, ಮೇಲಕ್ಕೆ ಬಂತು, ಕೆಳಕ್ಕೆ ಹೋಯಿತು, ಮೇಲಕ್ಕೆ ಬಂತು, ಅವನು ಪ್ರತಿ ಸಲ ಉಸಿರು ಹಿಡಿದ, ದೂರದಿಂದ ಅವಳ ದನಿ, ಇಲ್ಲಿ ಹೊಂಡ ಉಂಟಾ ನೋಡಿ ಮಾರಾಯ್ರೆ, ಎಲ್ಲರೂ ನಕ್ಕರು, ಅವನ ಕೈ ಚೀಲದೊಳಗೆ ಸಣ್ಣ ಗಂಟನ್ನು ಹುಡುಕಿತು, ಬಟ್ಟೆಯ ಒಳಗೆ ಬೆರಳು ತೂರಿತು, ಹಳೆಯ ಅಚ್ಚು ಸಿಕ್ಕಿತು, ಇಪ್ಪತ್ತೆಂಟು ವರ್ಷದ ಗ್ರೀಸು ಗಟ್ಟಿಯಾಗಿ ಅದು ಅಲುಗಲಿಲ್ಲ, ಅಲುಗಬಾರದು, ಆದರೂ ಅವನ ಕಣ್ಣ ಮುಂದೆ ಒದ್ದೆ ರಸ್ತೆಯ ಮೇಲೆ, ರಬ್ಬರು ಕೆಳಗೆ, ಅಚ್ಚು ಮೇಲೆ, ಹನಿಗಳನ್ನು ಸಿಡಿಸುತ್ತಾ, ಅದು ತಿರುಗುತ್ತಿತ್ತು, ತಿರುಗುತ್ತಲೇ ಇತ್ತು, ಸುತ್ತ ತೆಳ್ಳಗಿನ ನೀರು, ನೀರಿನಡಿಯಲ್ಲಿ ಸಪಾಟಾದ ಟಾರು.

ಆ ರಸ್ತೆಯಲ್ಲಿ ಹೊಂಡ ಇರಲಿಲ್ಲ. ಅದನ್ನು ಅವನು ಅವಳಿಗೆ ಹೇಳಲಿಲ್ಲ.